ನಮ್ಮ ಮನೆಯ ಭಾಷೆ ಯಾವುದೆಂದು ಕೇಳಿದ ಪರದೇಶದ ಅಧಿಕಾರಿಗಳಿಗೆ

ಟಿಳಕವಾಡಿ, ಬೆಳಗಾವಿ

ಕೆಲಸದ ಪರವಾನಿಗೆಯನ್ನು ವಿಸ್ತರಿಸುವ, ವಿಸ್ತರಿಸದಿರುವ, ಹಾಗೂ ವಿಸ್ತರಿಸುವುದೋ ಬೇಡವೋ ಎಂದು ತಿಂಗಳುಗಟ್ಟಲೆ ಚಿಂತಿಸುವ ಮಹನೀಯರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು, ತಮ್ಮ ಕುಟುಂಬದವರು, ತಮ್ಮ ಕಚೇರಿಯ ಕಂಪ್ಯೂಟರು ಮತ್ತು ಅದು ಪ್ರತಿಯೊಂದು ಇಮೇಲಿಗೂ ಕಣ್ಣು ಮಿಟುಕಿಸುವಷ್ಟರಲ್ಲಿ ಕಳುಹಿಸುವ 'ತಮ್ಮ ತಾಳ್ಮೆಗೆ ವಂದನೆಗಳು' ಎಂಬ ಉತ್ತರ, ಎಲ್ಲವೂ ಕ್ಷೇಮವೆಂದು ನಂಬಿದ್ದೇನೆ. ಇತ್ತ ನಾವೂ ಕ್ಷೇಮ. ಈ ಬಹಿರಂಗ ಪತ್ರದಲ್ಲಿ ತಮ್ಮ ದೇಶದ ಹೆಸರನ್ನು ಎಲ್ಲಿಯೂ ಬರೆದಿಲ್ಲವೆಂದು ತಾವು ನೊಂದುಕೊಳ್ಳಬಾರದು. ನನ್ನ ಹೆಂಡತಿಯ ಕಾಯಂ ವಾಸದ ಅರ್ಜಿ ಇನ್ನೂ ತಮ್ಮ ಮೇಜಿನ ಮೇಲಿರುವುದರಿಂದ, ನನ್ನ ಧೈರ್ಯ ಸದ್ಯಕ್ಕೆ ಇಷ್ಟೇ ಉದ್ದವಿದೆ.

ನಾನು ಗುರುಪುತ್ರಪ್ಪ. ಅರ್ಜಿಯ ಚೌಕಗಳಲ್ಲಿ ನನ್ನ ಹೆಸರು ಪೂರ್ತಿ ಹಿಡಿಸದೆ ಕೊನೆಯ ಅಕ್ಷರ ಮುಂದಿನ ಸಾಲಿಗೆ ಜಾರಿದ್ದರಿಂದ ತಾವು ನನಗೆ ಬರೆದ ಎಲ್ಲ ಪತ್ರಗಳೂ 'ಪ್ರಿಯ ಶ್ರೀ ಪ್ಪ ಅವರೇ' ಎಂದು ಆರಂಭವಾಗಿವೆ. ಹೀಗೆ ಉಸಿರು ಬಿಟ್ಟಂತೆ ನನ್ನನ್ನು ಈವರೆಗೆ ಯಾರೂ ಕರೆದಿರಲಿಲ್ಲವಾದ್ದರಿಂದ ಅದಕ್ಕೂ ಕೃತಜ್ಞನಾಗಿದ್ದೇನೆ. ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ನನ್ನದು ತಪಾಸಣೆಯ ಕೆಲಸ. ತಯಾರಾಗಿ ಬಂದ ಮಾಲನ್ನು ಅಳೆದು, ಸರಿಯಿದ್ದರೆ ಮುಂದಕ್ಕೆ ಕಳುಹಿಸುವುದು, ಇಲ್ಲದಿದ್ದರೆ ಕೆಂಪು ಬಣ್ಣ ಬಳಿದು ಮೂಲೆಗೆ ಹಾಕುವುದು. ಆದ್ದರಿಂದ ತಾವೂ ನಾನೂ ಒಂದೇ ವೃತ್ತಿಯವರು. ವ್ಯತ್ಯಾಸವೆಂದರೆ ನಾನು ಮೂಲೆಗೆ ಹಾಕಿದ ಮಾಲು ಎದ್ದು ಬಂದು ನನಗೆ ಪತ್ರ ಬರೆಯುವುದಿಲ್ಲ.

ನನ್ನ ಹೆಂಡತಿ ಮುಕ್ತಾ ಖಾನಾಪುರದವಳು. ಅದೇ ಫೌಂಡ್ರಿಯ ಮಷಿನ್ ಶಾಪಿನಲ್ಲಿ ಪಂಪಿನ ಬಾಡಿ ಕೊರೆಯುತ್ತಿದ್ದಳು. ಅವಳು ಕೊರೆದ ಒಂದು ಬಾಡಿಯನ್ನು ನಾನು ನಪಾಸು ಮಾಡಿದ ದಿನವೇ ನಮ್ಮ ಪರಿಚಯವಾಯಿತು. ಅವಳ ಮನೆಮಾತು ಮರಾಠಿ, ನನ್ನದು ಕನ್ನಡ. ಸಿಟ್ಟಿನಿಂದಲೇ ಬಂದಿದ್ದರೂ ನನ್ನ ಹೆಸರು ನೋಡಿ ನನಗೆ ಅನುಕೂಲವಾಗಲೆಂದು ಕನ್ನಡದಲ್ಲಿ, "ನಿಮ್ಮ ಗೇಜಿನಾಗ ಏನೋ ಗಡಬಡ ಅದರಿ" ಎಂದಳು. ಅವಳ ಹೆಸರು ನೋಡಿ ಅವಳಿಗೆ ಅನುಕೂಲವಾಗಲೆಂದು ನಾನು ಮರಾಠಿಯಲ್ಲಿ, ಗೇಜು ಸರಿಯಿದೆ, ತೂತು ದೊಡ್ಡದಾಗಿದೆ ಎಂದೆ. ಅಂದಿನಿಂದ ಅವಳು ನನ್ನ ಜೊತೆ ಕನ್ನಡದಲ್ಲಿಯೂ ನಾನು ಅವಳ ಜೊತೆ ಮರಾಠಿಯಲ್ಲಿಯೂ ಮಾತನಾಡುತ್ತ ಬಂದಿದ್ದೇವೆ. ಎರಡೂ ಅಷ್ಟಕ್ಕಷ್ಟೇ. ಮದುವೆಯ ಊಟದಲ್ಲಿ ನಾನು ಅವಳ ಸೋದರಮಾವನಿಗೆ 'ಮಾಝಾ ಬಾಯ್ಕೋ' ಎಂದು ಹೆಂಡತಿಯನ್ನು ಗಂಡಸಾಗಿ ಪರಿಚಯಿಸಿದೆ. ಅವಳು ನನ್ನ ತಾಯಿಯನ್ನು, ಮರಾಠಿಯಲ್ಲಿ ತಾಯಿಯನ್ನು ಕರೆಯುವ ರೂಢಿಯಂತೆ, "ಅತ್ತಿ, ನೀ ಕುಂದರು" ಎಂದು ಏಕವಚನದಲ್ಲಿ ಕರೆದಳು. ನಮ್ಮ ಕಡೆಯ ನೆಂಟರೆಲ್ಲ ಬಾಯಿಗೆ ಹೋಗಿದ್ದ ಕೈಯನ್ನು ಅಲ್ಲಿಯೇ ನಿಲ್ಲಿಸಿದಾಗ ನನ್ನ ತಾಯಿ ಗೌರವ್ವ, "ಮಗಳು ಮತ್ತ ಹೆಂಗ ಅನ್ನಬೇಕು?" ಎಂದು ಕುಳಿತುಬಿಟ್ಟಳು. ಮಾರನೆಯ ದಿನದಿಂದ ಸೊಸೆಗಾಗಿ ಟಿವಿ ಧಾರಾವಾಹಿ ನೋಡಿ ಮರಾಠಿ ಕಲಿಯತೊಡಗಿದಳು. ಹೀಗಾಗಿ ಅವಳ ಮರಾಠಿಯಲ್ಲಿ ವಿಷಪ್ರಾಶನಕ್ಕೂ ಆಸ್ತಿ ವ್ಯಾಜ್ಯಕ್ಕೂ ಬೇಕಾದ ಶಬ್ದಗಳೆಲ್ಲ ಇವೆ, ಕೊತ್ತಂಬರಿಗೆ ಮಾತ್ರ ಇಲ್ಲ.

ಇನ್ನು ತಮ್ಮ ನಿಯಮದ ಸೊಗಸನ್ನು ಹೊಗಳದೆ ಮುಂದೆ ಹೋಗಲಾರೆ. ತಮ್ಮ ದೇಶದ ಒಂದು ಕಾರ್ಖಾನೆ ಮುಕ್ತಾಳನ್ನು ಕೆಲಸಕ್ಕೆ ಕರೆದಾಗ ತಾವು ಎರಡು ವರ್ಷದ ಪರವಾನಿಗೆ ಕೊಟ್ಟಿರಿ. ಕಾಯಂ ವಾಸಕ್ಕೆ ಅರ್ಹಳಾಗಲು ಅವಳು ಎರಡು ವರ್ಷ ಪೂರ್ತಿ ಕೆಲಸ ಮಾಡಿರಬೇಕೆಂದಿರಿ. ಆದರೆ ಪರವಾನಿಗೆಯ ಅವಧಿ ವಿಮಾನ ಇಳಿದ ದಿನದಿಂದ ಸವೆಯುತ್ತದೆ, ಕೆಲಸಕ್ಕೆ ಸೇರಲು ಬೇಕಾದ ಕಾರ್ಡು ಮಾತ್ರ ತಮ್ಮ ಕಚೇರಿಯಿಂದ ಮೂರು ತಿಂಗಳ ನಂತರ ಬರುತ್ತದೆ. ಎಂಥ ಚುರುಕಿನವನೂ ಗುರಿಗೆ ಮೂರು ತಿಂಗಳಷ್ಟು ದೂರದಲ್ಲಿ ನಿಂತು ತಮ್ಮ ಕಡೆ ಕೈಮುಗಿಯಲೇಬೇಕಾದ ಇಂಥ ಅಳತೆಯನ್ನು ಉದ್ಯಮಬಾಗದ ಯಾವ ಕಾರ್ಖಾನೆಯಲ್ಲಿಯೂ ನಾನು ಕಂಡಿಲ್ಲ.

ಹೀಗೆ ಕೈಮುಗಿಯುವ ಹೊತ್ತು ಬಂದಾಗ, ನಮ್ಮ ಅರ್ಜಿಯ ಕೆಲಸ ನೋಡುವ ಸುಜಯ ಎಂಬ ಸಲಹೆಗಾರರು, "ಪರ್ಮಿಟ್ ಮುಂದ ಹಾಕಸೂ ಅರ್ಜಿಯೊಳಗ ನಿಮ್ಮ ಹೆಸರೂ ಸೇರಿಸಿಬಿಡೂಣು ಸರ. ಮೇಡಮ್ಮಾರಿಗೆ ಅವಧಿ ಸಿಕ್ತದ, ನಿಮಗ ಹೋಗಾಕ ದಾರಿ ಆಗ್ತದ" ಎಂದರು. ಸೇರಿಸಿದೆವು. ಅರ್ಜಿ ತಮ್ಮಲ್ಲಿರುವಷ್ಟು ಕಾಲ ಅವಳು ಹಳೆಯ ಪರವಾನಿಗೆಯ ಮೇಲೆಯೇ ಕೆಲಸ ಮಾಡುತ್ತಿರಬಹುದು, ಆದರೆ ದೇಶ ಬಿಟ್ಟು ಹೊರಗೆ ಕಾಲಿಟ್ಟರೆ ಅರ್ಜಿಯನ್ನು ಹಿಂತೆಗೆದುಕೊಂಡಂತೆ, ಎಂದು ತಾವು ಸಣ್ಣ ಅಕ್ಷರಗಳಲ್ಲಿ ಪ್ರೀತಿಯಿಂದ ತಿಳಿಸಿದಿರಿ.

ಅದಾದ ಎರಡನೆಯ ವಾರ ನನ್ನ ಅತ್ತೆ ಕೃಷ್ಣಾಬಾಯಿ ಖಾನಾಪುರದ ಬಸ್ ನಿಲ್ದಾಣದಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡರು. ಹಲಸಿಯ ಅಂಗನವಾಡಿಯಲ್ಲಿ ಜೀವಮಾನವಿಡೀ ಎರಡು ಭಾಷೆಯ ಮಕ್ಕಳನ್ನು ಒಂದೇ ಚಾಪೆಯ ಮೇಲೆ ಕೂರಿಸಿದ ಹೆಂಗಸು; ಗಂಡನಿಲ್ಲ, ಮುಕ್ತಾ ಒಬ್ಬಳೇ ಮಗಳು. ನಾನು ಹೋಗಿ ಬೆಳಗಾವಿಯ ಆಸ್ಪತ್ರೆಗೆ ಕರೆತಂದೆ. ಆಪರೇಷನ್ನಿನ ದಿನ ಬೆಳಿಗ್ಗೆ ಸ್ಟ್ರೆಚರಿನ ಪಕ್ಕದಲ್ಲಿ ಫೋನು ಹಿಡಿದುಕೊಂಡು ಓಡಿದೆ. ಪರದೆಯ ಮೇಲೆ ಮುಕ್ತಾ ಮಷಿನಿನ ಕನ್ನಡಕ ಹಣೆಗೇರಿಸಿಕೊಂಡು "ಆಯಿ, ಆಯಿ" ಎನ್ನುತ್ತಿದ್ದಳು. ಬಾಗಿಲು ಮುಚ್ಚಿತು. ನಂತರ ಅವಳೂ ನಾನೂ ಫೋನಿನಲ್ಲಿ ಆ ಬಾಗಿಲನ್ನೇ ನೋಡುತ್ತ ನಿಂತೆವು.

ಆಸ್ಪತ್ರೆಯಿಂದ ಬಿಟ್ಟ ಮೇಲೆ ಅತ್ತೆಯವರು ಖಾನಾಪುರಕ್ಕೇ ಹೋಗುತ್ತೇನೆಂದು ಹಟ ಹಿಡಿದರು. ನನ್ನ ತಾಯಿ ಅವರ ಚೀಲವನ್ನು ಕಂಕುಳಲ್ಲಿ ಇಟ್ಟುಕೊಂಡು, "ವಿಹೀಣಬಾಯಿ, ಘರೀ ಚಲಾ", ಬೀಗತಿಯವರೇ ಮನೆಗೆ ನಡೆಯಿರಿ, ಎಂದು ಆಟೊ ಹತ್ತಿ ಕುಳಿತದ್ದರಿಂದ ಚೀಲದ ಹಿಂದೆ ಅವರೂ ಟಿಳಕವಾಡಿಗೆ ಬಂದರು. ನಡುಮನೆಯ ಪಕ್ಕದ ಕೋಣೆಯಲ್ಲಿ ಅವರಿಗೆ ಮಂಚ ಹಾಕಿದೆವು. ತಾಯಿ ಬೀಗತಿಗೆ ಹರಕು ಮರಾಠಿಯಲ್ಲಿ ಚಹಾ ಕೊಡುವುದು, ಬೀಗತಿ ಮುರಕು ಕನ್ನಡದಲ್ಲಿ ಸಕ್ಕರೆ ಕಡಿಮೆಯಾಗಿದೆ ಎನ್ನುವುದು, ಬೆಳಗಿನ ಪಾಳಿ ಮುಗಿಸಿ ಬಂದ ನಾನು ಅತ್ತೆಯವರನ್ನು ಎಬ್ಬಿಸಿ ಕೂರಿಸುವುದು, ಬೆಡ್‌ಪ್ಯಾನ್ ಕೊಡುವುದು. ಮೊದಲ ದಿನ ಅವರು ಗೋಡೆಯ ಕಡೆ ಮುಖ ಮಾಡಿ ಅತ್ತರು, ನಾನು ಸೀಲಿಂಗ್ ಫ್ಯಾನು ನೋಡಿದೆ. ನಾಲ್ಕನೆಯ ದಿನದ ಹೊತ್ತಿಗೆ ಅವರು ಕೂಗಿ ಕರೆಯುತ್ತಿದ್ದರು.

ಇಂಥ ದಿನಗಳಲ್ಲಿಯೇ ತಾವು ನಮ್ಮ ಮದುವೆ ನಿಜವೋ ಸುಳ್ಳೋ ಎಂದು ತಿಳಿಯಬಯಸಿ ನಮ್ಮಿಬ್ಬರನ್ನೂ ಬೇರೆ ಬೇರೆಯಾಗಿ ಸಂದರ್ಶನಕ್ಕೆ ಕರೆದಿರಿ. ಅವಳು ತಮ್ಮ ಕಚೇರಿಗೆ ಬಂದಳು, ನಾನು ನಡುಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಟೈ ಕಟ್ಟಿಕೊಂಡು ಕುಳಿತೆ. ತಾವು ಅಡುಗೆಮನೆಯ ನೆಲದ ಬಣ್ಣ ಕೇಳಿದಿರಿ, ಹೇಳಿದೆ. ಮನೆಯಲ್ಲಿ ಗಂಡ ಹೆಂಡತಿ ಯಾವ ಭಾಷೆಯಲ್ಲಿ ಮಾತನಾಡುತ್ತೀರಿ ಎಂದು ಕೇಳಿದಿರಿ. ನಾನು ಪ್ರಾಮಾಣಿಕವಾಗಿ ಮರಾಠಿ ಎಂದೆ. "ಖಚಿತವೇ?" ಎಂದಿರಿ. ಅಷ್ಟರಲ್ಲಿ ಚಹಾದ ತಟ್ಟೆ ಹಿಡಿದು ಹೊರಟಿದ್ದ ನನ್ನ ತಾಯಿ ಪರದೆಯ ಮೇಲೆ ತಮ್ಮನ್ನು ಕಂಡು, ಸೆರಗು ಸರಿಮಾಡಿಕೊಂಡು, "ಸಾಹೇಬರದು ಚಹಾ ಆಗೇತೇನ ಕೇಳೋ" ಎಂದಳು. ಅಪರಿಚಿತ ವ್ಯಕ್ತಿ ಹೊರಗೆ ಹೋಗಬೇಕೆಂದು ತಾವು ಹೇಳಿದಿರಿ. ಅವಳು ಹೋದಳು. ಕೂಡಲೇ ಪಕ್ಕದ ಕೋಣೆಯಿಂದ, "ಅಳಿಯಾರ, ಲಗೂನ ಬರ್ರಿ!" ಎಂಬ ಕೂಗು ಕೇಳಿತು. ಅದಕ್ಕೆ ತಡಮಾಡಿದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು, ತಮಗೆ ಹೇಳಲು ನಾಚಿಕೆಯಾಯಿತು. ಒಂದು ನಿಮಿಷವೆಂದು ಎದ್ದು ಹೋಗಿ, ಟೈ ಹೆಗಲ ಮೇಲೆ ಎಸೆದುಕೊಂಡು, ಮಾಡಬೇಕಾದ್ದು ಮಾಡಿ, ಕೈ ತೊಳೆದು ಬಂದು ಕುಳಿತು ಮತ್ತೆ ಹೇಳಿದೆ: ಮರಾಠಿ.

ಅತ್ತ ಅದೇ ಪ್ರಶ್ನೆಗೆ ಮುಕ್ತಾ, ಅಷ್ಟೇ ಪ್ರಾಮಾಣಿಕವಾಗಿ, ಕನ್ನಡ ಎಂದಿದ್ದಳು.

ತಮ್ಮ ಪತ್ರ ಬಂತು. ಪ್ರಿಯ ಶ್ರೀ ಪ್ಪ ಅವರೇ, ಅರ್ಜಿದಾರಳೂ ತಾವೂ ಮನೆಯ ಭಾಷೆಯ ಬಗ್ಗೆ ವಿರುದ್ಧ ಉತ್ತರಗಳನ್ನು ಕೊಟ್ಟಿದ್ದೀರಿ; ಪ್ರಶ್ನೆಯ ನಡುವೆಯೇ ತಾವು ಎದ್ದು ಹೋಗಿ ಇನ್ನೊಂದು ಕೋಣೆಯಲ್ಲಿದ್ದ ಮಹಿಳೆಯ ಜೊತೆ ಸಮಾಲೋಚಿಸಿದ್ದೀರಿ; ಆದ್ದರಿಂದ ಈ ವಿವಾಹ ನಿಜವೆಂದು ಅಧಿಕಾರಿಗೆ ಮನದಟ್ಟಾಗಿಲ್ಲ. ತಿಂಗಳೊಳಗೆ ಪುರಾವೆ ಸಲ್ಲಿಸತಕ್ಕದ್ದು. ಸುಳ್ಳು ಹೇಳಿದ್ದು ಸಾಬೀತಾದರೆ ಅರ್ಜಿದಾರಳ ಪರವಾನಿಗೆಯನ್ನು ವಿಸ್ತರಿಸಲಾಗುವುದಿಲ್ಲ, ಐದು ವರ್ಷ ಅವಳು ಕಾಯಂ ವಾಸಕ್ಕೆ ಅರ್ಜಿ ಹಾಕುವಂತಿಲ್ಲ. ಸಮಾಲೋಚನೆ ಎಂಬ ಶಬ್ದವನ್ನು ಓದಿ ಅತ್ತೆಯವರು ಸೊಂಟ ಹಿಡಿದುಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ನನ್ನ ಒಂದು ಶಬ್ದದಿಂದ ಅವಳು ಹಿಮದಲ್ಲಿ ಒಂಟಿಯಾಗಿ ನಿಂತು ಕೊರೆದದ್ದೆಲ್ಲ ಮೂಲೆಗೆ ಹೋಗುವಂತಿತ್ತು.

ಸುಜಯ ಅವರು ಪತ್ರ ಓದಿ, "ಇಬ್ರೊಳಗ ಒಬ್ರು ತಪ್ಪಾತ ಅಂತ ಬರದು ಕೊಡ್ರಿ ಸರ. ಕನ್ನಡರ ಅನ್ರಿ, ಮರಾಠಿರ ಅನ್ರಿ, ಒಂದ ಅನ್ರಿ. ಅದರಾಗ ಏನದ?" ಎಂದರು. ಆಯೋಗ, ನ್ಯಾಯಾಲಯ ಮತ್ತು ಬಸ್ಸಿನ ಗಾಜುಗಳಿಂದಲೂ ಇತ್ಯರ್ಥವಾಗದ ಪ್ರಶ್ನೆಯನ್ನು ಬೆಳಗಾವಿಯಲ್ಲಿ ಕುಳಿತು ಹೀಗೆ ಒಂದೇ ಉಸಿರಿನಲ್ಲಿ ಮುಗಿಸಿದವರನ್ನು ನಾನು ನೋಡಿದ್ದು ಅದೇ ಮೊದಲು. ಜೊತೆಗೆ ಗಂಡ ಹೆಂಡತಿಯ ಸಹಜ ಸಂಭಾಷಣೆಯೊಂದನ್ನು ರೆಕಾರ್ಡ್ ಮಾಡಿ ಕಳಿಸಿರೆಂದೂ ಹೇಳಿದರು.

ಒಂದು ಭಾನುವಾರ ಬೆಳಿಗ್ಗೆ ವಿಡಿಯೊ ಕರೆಯಲ್ಲಿ ರೆಕಾರ್ಡಿಂಗ್ ಒತ್ತಿ ಸಹಜವಾಗಲು ಕುಳಿತೆವು. ನಾನು ಮರಾಠಿಯಲ್ಲಿ ಅಲ್ಲಿ ಹವಾಮಾನ ಹೇಗಿದೆ ಎಂದು ಕೇಳಿದೆ. ಅವಳು ಕನ್ನಡದಲ್ಲಿ, "ಹವಾಮಾನ ಭಾಳ ಛಲೋ ಅದರಿ" ಎಂದಳು. ಆಕಾಶವಾಣಿ ಇದಕ್ಕಿಂತ ಪ್ರೀತಿಯಿಂದ ಮಾತನಾಡುತ್ತದೆ. ಅದನ್ನು ಬಿಟ್ಟು, ತಪ್ಪಾಯಿತೆಂದು ಬರೆಯುವವರು ಯಾರು ಎಂಬುದಕ್ಕೆ ಬಂದೆವು.

"ನೀವ ಬರದು ಕೊಡ್ರಿ, ಮನಿಯಾಗ ಕನ್ನಡ ಮಾತಾಡ್ತೀನಿ ಅಂತ" ಎಂದಳು. ನಾನು ಸುಳ್ಳು ಬರೆಯುವುದಿಲ್ಲ, ನಿನ್ನ ಜೊತೆ ಮಾತನಾಡುವುದು ಮರಾಠಿಯೇ ಎಂದೆ.

"ನೀವ ಮಾತಾಡೂದಕ್ಕ ಮರಾಠಿ ಅಂತಾರಂತ ಯಾರ ಹೇಳ್ಯಾರ ನಿಮಗ?"

ಮಾನ್ಯರೇ, ಇಷ್ಟು ವರ್ಷ ಅವಳ ಮೇಲಿನ ಪ್ರೀತಿಯಿಂದಲೇ ನಾನು ಮರಾಠಿಯ ಮೂರು ಲಿಂಗಗಳ ನಡುವೆ ಎಡವುತ್ತ ಬಂದವನು. ಎಲ್ಲಿಂದ ಬಂತೋ ಸಿಟ್ಟು, ಕನ್ನಡದಲ್ಲಿಯೇ ಬಂತು. "ಸಾಕ ಮಾಡ ಇನ್ನ! ನಿನ್ನ ಪರ್ಮಿಟ್, ನಿನ್ನ ಅರ್ಜಿ, ಬರೇ ಇದ ಆತು. ಇಲ್ಲಿ ನಿಮ್ಮವ್ವನ್ನ ಎಬ್ಬಿಸಿ ಕುಂದ್ರಸಾಂವ ನಾ ಅದೀನಿ, ನೀ ಅಲ್ಲ!"

ಪರದೆಯ ಮೇಲೆ ಅವಳ ಮುಖ ನಿಂತುಹೋಯಿತು, ನೆಟ್‌ವರ್ಕ್ ಹೋಯಿತೆಂದುಕೊಂಡೆ. ಹೋಗಿರಲಿಲ್ಲ. ಅವಳು ನನ್ನ ಜೊತೆ ಎಂದೂ ಆಡದ ಮರಾಠಿಯಲ್ಲಿ, "ತುಲಾ ವಾಟ್ತಂ ಮಲಾ ಯಾಯ್ಚಂ ನವ್ಹತಂ?" ಎಂದಳು. ನನಗೆ ಬರುವ ಮನಸ್ಸಿರಲಿಲ್ಲವೆಂದು ನಿನಗನಿಸುತ್ತದೆಯೇ ಎಂದು. ಆಯಿ ಬಿದ್ದ ದಿನ ಟಿಕೆಟ್ ತೆಗೆದಿದ್ದಳಂತೆ. ಚೀಲ ತುಂಬಿಕೊಂಡು ವಿಮಾನ ನಿಲ್ದಾಣಕ್ಕೆ ಹೋಗುವ ಬಸ್ಸಿಗೆ ನಿಂತಿದ್ದಳಂತೆ. ಒಂದು ಬಸ್ಸು ಬಂತು, ಹತ್ತಲಿಲ್ಲ. ಇನ್ನೊಂದು ಬಂತು, ಹತ್ತಲಿಲ್ಲ. ಹತ್ತಿದ್ದರೆ ಅವಳ ಅವಧಿಯೂ ನನ್ನ ದಾರಿಯೂ ಎರಡೂ ಹೋಗುತ್ತಿದ್ದವು. ತಿರುಗಿ ಕೋಣೆಗೆ ಬಂದು, ಚೀಲ ಬಿಚ್ಚದೆ, ಅದಕ್ಕೇ ತಲೆಯಿಟ್ಟು ಮಲಗಿದ್ದಳಂತೆ. ಇದನ್ನು ಯಾರಿಗೂ ಹೇಳಿರಲಿಲ್ಲ.

ಅಷ್ಟರಲ್ಲಿ ಅತ್ತೆಯವರು ವಾಕರ್ ಹಿಡಿದುಕೊಂಡು ಬಾಗಿಲಿಗೆ ಬಂದು, ಗಂಡನ ಮೇಲೆ ಧ್ವನಿ ಏರಿಸುತ್ತೀಯಾ ಎಂದು ಮಗಳನ್ನು ಮರಾಠಿಯಲ್ಲಿ ಬೈಯತೊಡಗಿದರು. ನನ್ನ ತಾಯಿ ಅಡುಗೆಮನೆಯಿಂದ ಲಟ್ಟಣಿಗೆ ಸಮೇತ ಬಂದು, "ಭಾಡ್ಯಾ, ಪರದೇಶದಾಗ ಒಬ್ಬಾಕಿನ ಕುಂತಾಳ ಹುಡುಗಿ, ಅಕಿಗೆ ಒದರತೀಯೇನು?" ಎಂದು ನನ್ನನ್ನು ಬೈದಳು. ನಾಲ್ಕು ಜನ, ಯಾರೂ ಇನ್ನೊಬ್ಬರ ಅನುಕೂಲ ನೋಡದೆ ತಮ್ಮ ತಮ್ಮ ಭಾಷೆಯಲ್ಲಿ ಒಟ್ಟಿಗೆ ಕೂಗಾಡಿದೆವು. ಒಂದು ಶಬ್ದವೂ ಯಾರಿಗೂ ತಿಳಿಯದೆ ಹೋಗಲಿಲ್ಲ. ಕೊನೆಗೆ ಮುಕ್ತಾಳೇ ಮೂಗು ಒರೆಸಿಕೊಂಡು, ಮೊದಲಿನಂತೆ ಕನ್ನಡಕ್ಕೆ ಮರಳಿ, "ರೆಕಾರ್ಡಿಂಗ್ ಚಾಲೂ ಅದ ಏನ್ರಿ?" ಎಂದಳು. ಚಾಲೂ ಇತ್ತು. "ಇದನ್ನ ಕಳಸ್ರಿ" ಎಂದಳು.

ಕಳಿಸುವ ಮೊದಲು ಭಾಷಾಂತರ ಬೇಕಲ್ಲ, ನಿವೃತ್ತ ಶಿಕ್ಷಕರಾದ ಭರಮಪ್ಪನವರು ಮಾಡಿಕೊಟ್ಟರು. ಬಹಳ ಮರ್ಯಾದಸ್ಥರು. ತಾಯಿಯೊಬ್ಬಳು ಮಗನನ್ನು 'ಭಾಡ್ಯಾ' ಎಂದು ಬೈದದ್ದನ್ನು ಸರಕಾರಿ ಕಾಗದದಲ್ಲಿ ಬರೆಯಲು ಮನಸ್ಸಾಗದೆ, ಮರಾಠಿಯ ಭಾಡೆಗೂ ಕನ್ನಡದ ಬಾಡಿಗೆಗೂ ಇರುವ ಸಂಬಂಧವನ್ನು ನೆನೆದು 'ಎಲೈ ಬಾಡಿಗೆದಾರನೇ' ಎಂದು ತರ್ಜುಮೆ ಮಾಡಿದ್ದರು. ತಾವು ಅದನ್ನು ಅಷ್ಟೇ ಶ್ರದ್ಧೆಯಿಂದ ಓದಿ, ಶ್ರೀ ಪ್ಪ ಅವರು ಸ್ವಂತ ಮನೆಯಲ್ಲಿ ಬಾಡಿಗೆಗೆ ಇರುವುದು ನಿಜವೇ, ಇದ್ದರೆ ಕರಾರುಪತ್ರದ ಪ್ರತಿ ಲಗತ್ತಿಸಿ ಎಂದು ಕೇಳಿದಿರಿ. ತಾಯಿಗೆ ಹೇಳಿದಾಗ, "ಬರದು ಕೊಡು. ಈ ತಿಂಗಳ ಬಾಡಗಿ ಬಂದಿಲ್ಲಂತನೂ ಬರಿ" ಎಂದಳು. ನಾನು ಅದೊಂದು ಬೈಗುಳವೆಂದು ತಲೆತಗ್ಗಿಸಿ ಪ್ರಮಾಣಪತ್ರ ಮಾಡಿಸಿಕೊಟ್ಟೆ. ನೋಟರಿ ಸಾಹೇಬರು ಮೊಹರು ಒತ್ತುವ ಮುನ್ನ ಮೂರು ಸಲ ಓದಿದರು.

ಕೊನೆಗೆ ತಮ್ಮ ಆದೇಶ ಬಂತು. ಗಂಡ ಹೆಂಡತಿಯಲ್ಲದವರು ಒಬ್ಬರೊಡನೊಬ್ಬರು ಈ ರೀತಿ ಮಾತನಾಡುವ ಸಂಭವ ಕಡಿಮೆಯೆಂದು ಅಧಿಕಾರಿಗೆ ಮನದಟ್ಟಾಗಿದೆ ಎಂಬ ಸಾಲನ್ನು ಓದಿ ನನಗೆ ತಮ್ಮ ಮೇಲೆ ಮೊದಲ ಬಾರಿಗೆ ಅಕ್ಕರೆ ಹುಟ್ಟಿತು; ತಾವೂ ಮದುವೆಯಾದವರಿರಬೇಕು. ಮುಕ್ತಾಳ ಪರವಾನಿಗೆ ಎರಡು ವರ್ಷ ಮುಂದಕ್ಕೆ ಹೋಯಿತು, ನನಗೂ ಅವಳ ಜೊತೆ ಇದ್ದು ದುಡಿಯುವ ಪರವಾನಿಗೆ ಸಿಕ್ಕಿತು. ಕಡಿಮೆಬಿದ್ದಿದ್ದ ತಿಂಗಳುಗಳನ್ನು ದುಡಿದು ಮುಗಿಸಿ, ಕಾಯಂ ವಾಸದ ಅರ್ಜಿ ಹಾಕಿ, ಪರವಾನಿಗೆ ಕೈಯಲ್ಲಿದ್ದುದರಿಂದ ಈ ಸಲ ದೇಶ ಬಿಡಲು ಅಡ್ಡಿಯಿಲ್ಲದೆ, ಅವಳು ಹೋದ ವಾರ ಮೂರು ವಾರಗಳ ರಜೆಗೆ ಬಂದಳು.

ಸಾಂಬ್ರಾ ವಿಮಾನ ನಿಲ್ದಾಣದಿಂದ ಬರುವಾಗ ಕಾರಿನಲ್ಲಿ ನಾವಿಬ್ಬರೂ ಹವಾಮಾನದ ವಿಷಯ ಎತ್ತಲಿಲ್ಲ. ಅತ್ತೆಯವರು ವಾಕರನ್ನು ಬಾಗಿಲಲ್ಲೇ ಬಿಟ್ಟು, ಗೋಡೆ ಹಿಡಿದು, ಗೇಟಿನ ತನಕ ನಡೆದು ಬಂದು ನಿಂತಿದ್ದರು. ಮುಕ್ತಾ ಕೆಳಗೆ ಕುಳಿತು ಮೊದಲು ಅವರ ಕಾಲನ್ನೇ ಮುಟ್ಟಿ ಮುಟ್ಟಿ ನೋಡಿದಳು, ಮಷಿನಿನಿಂದ ಇಳಿದ ಮಾಲನ್ನು ನೋಡುವಂತೆ. ರಾತ್ರಿ ಊಟಕ್ಕೆ ಕುಳಿತಾಗ, ಇನ್ನು ಆಯಿಯನ್ನು ಖಾನಾಪುರಕ್ಕೆ ಬಿಟ್ಟು ಬರೋಣ, ಅವಳ ಮನೆ ಅವಳಿಗೆ ಎಂದಳು. ನನ್ನ ತಾಯಿಯ ಕೈ ತಟ್ಟೆಯಲ್ಲಿಯೇ ನಿಂತಿತು. ಆರು ತಿಂಗಳಿನಿಂದ ಡಾಕ್ಟರು ಹೋಗಬಹುದೆಂದಾಗಲೆಲ್ಲ ಹಬ್ಬ ಮುಗಿಯಲಿ, ಮಳೆ ಮುಗಿಯಲಿ, ಹಪ್ಪಳ ಮುಗಿಯಲಿ ಎಂದು ಒಂದೊಂದು ತಿಂಗಳು ಮುಂದಕ್ಕೆ ಹಾಕುತ್ತ ಬಂದವಳು ಅವಳು. "ಇವನ್ನೂ ಕರಕೊಂಡು ಹೋಗು, ನಾ ಬ್ಯಾಡ ಅನ್ನೂದಿಲ್ಲ" ಎಂದು ನನ್ನನ್ನು ತೋರಿಸಿ, "ವಿಹೀಣಬಾಯಿನ್ನ ಮಾತ್ರ ಕೇಳಬ್ಯಾಡ. ಧಾರಾವಾಹಿ ಅರ್ಧಕ್ಕ ನಿಂತದ, ನನಗ ತಿಳಿಸಿ ಹೇಳಾವರು ಯಾರು?" ಎಂದಳು. ಅತ್ತೆಯವರು ಮಗಳ ಕಡೆ ನೋಡದೆ ಸಾರಿನ ಪಾತ್ರೆ ತಮ್ಮ ಕಡೆ ಎಳೆದುಕೊಂಡು, ನನ್ನ ತಾಯಿಗೆ ಕನ್ನಡದಲ್ಲಿ, "ಬೀಗತ್ಯಾರ, ನಾಳೆ ಇದರಾಗ ಉಪ್ಪು ನಾನ ಹಾಕ್ತೀನಿ" ಎಂದರು. ಮುಕ್ತಾ ನನ್ನನ್ನು ನೋಡಿದಳು. ಹೀಗೆ ನಮ್ಮ ಮನೆಯಲ್ಲಿ ಒಬ್ಬರ ಕಾಯಂ ವಾಸ ತೀರ್ಮಾನವಾಯಿತು.

ಇನ್ನು ನನ್ನ ವಿನಂತಿಗಳು. ಮೊದಲನೆಯದು, ತಾವು ಒಮ್ಮೆ ಸಕುಟುಂಬ ಬೆಳಗಾವಿಗೆ ಬರಬೇಕು. ತಮ್ಮ ಮದುವೆ ನಿಜವೆಂಬುದನ್ನು ಇಬ್ಬರು ಬೀಗತಿಯರು ಹತ್ತು ನಿಮಿಷದಲ್ಲಿ ಪರೀಕ್ಷಿಸಿ ಹೇಳುತ್ತಾರೆ, ಚಹಾ ಕೊಡುತ್ತಾರೆ, ಮೇಲ್ಮನವಿಗೆ ಅವಕಾಶವಿಲ್ಲ. ಎರಡನೆಯದು, ತಮ್ಮ ಅರ್ಜಿಯಲ್ಲಿ ಮನೆಯ ಭಾಷೆಗೆ ಒಂದೇ ಚೌಕವಿದೆ. ದಯವಿಟ್ಟು ಅದರ ಪಕ್ಕ ಒಂದು ಕಿಟಕಿ ಕೊರೆಸಿ, ಬೇಕಾದರೆ ಹೆಂಡತಿಗೆ ಹೇಳುತ್ತೇನೆ, ಅವಳಿಗೆ ಕೊರೆಯಲು ಬರುತ್ತದೆ. ಮೂರನೆಯದು ಸ್ವಲ್ಪ ಕಷ್ಟದ್ದು. ಅವಧಿಯನ್ನು ವಿಸ್ತರಿಸುವ ಅಧಿಕಾರ ತಮಗಿರುವುದರಿಂದ, ಆಪರೇಷನ್ನಿನ ದಿನ ಆ ಬಾಗಿಲು ಮುಚ್ಚಿತಲ್ಲ, ಅದಕ್ಕೂ ಮುಂಚಿನ ಹೊತ್ತನ್ನು ಹಿಂದಿನ ದಿನಾಂಕದಿಂದ ಒಂದಿಷ್ಟು ವಿಸ್ತರಿಸಿಕೊಡಬೇಕು. ಹೆಚ್ಚೇನೂ ಬೇಡ, ಒಬ್ಬ ಮಗಳು ಬಸ್ಸು ಹತ್ತಿ, ವಿಮಾನ ಹತ್ತಿ, ಸ್ಟ್ರೆಚರಿನ ಕಂಬಿ ಹಿಡಿಯುವಷ್ಟು. ನಿಯಮದಲ್ಲಿ ಅವಕಾಶವಿಲ್ಲವೆಂದು ತಾವು ಬರೆಯುವಿರೆಂದು ಗೊತ್ತು. ಬರೆಯುವಾಗ ಒಮ್ಮೆ ಪೆನ್ನು ನಿಲ್ಲಿಸಿದರೂ ನನಗೆ ಸಾಕು.

ತಮ್ಮ ಕಚೇರಿಯ ಮೊಹರಿನಿಂದ ಗಂಡನೆಂದು ದೃಢಪಟ್ಟಿರುವ, ಬರುವ ತಿಂಗಳು ತಮ್ಮ ದೇಶಕ್ಕೆ ಬಂದಿಳಿಯಲಿರುವ,

ತಮ್ಮ ವಿಶ್ವಾಸಿ,
ಗುರುಪುತ್ರಪ್ಪ

ತಾ.ಕ.: ಸಂದರ್ಶನದ ಕೊನೆಯಲ್ಲಿ ತಾವು, ಹೆಂಡತಿ ಮಂಚದ ಯಾವ ಕಡೆ ಮಲಗುತ್ತಾಳೆಂದು ಕೇಳಿದಿರಿ. ಗಾಬರಿಯಲ್ಲಿ ಗೋಡೆಯ ಕಡೆ ಎಂದುಬಿಟ್ಟೆ. ಅದು ತಪ್ಪು ಮಾಹಿತಿ, ದಾಖಲೆಯಲ್ಲಿ ತಿದ್ದಿಕೊಳ್ಳಬೇಕು. ಆಗ ಎರಡು ವರ್ಷಗಳಿಂದ ಅವಳು ಮಲಗುತ್ತಿದ್ದದ್ದು ತಮ್ಮ ಕಡೆ.